ಮೂಗಿಗೂ ಕಹಿ ತಿಳಿಯುತ್ತದೆ

ಪ್ರಶ್ನೆ: ನಾಲಿಗೆಯಲ್ಲಿರುವಂಥ ರುಚಿಗ್ರಾಹಕಗಳು ಮೂಗಿನೊಳಗೂ ಇದ್ದು, ರೋಗಾಣುಗಳನ್ನು ತಡೆಯುತ್ತವೆ ಎಂದು ಓದಿದೆ. ನಿಜವೇ? ನನಗೆ ವರ್ಷವಿಡೀ ಸೈನಸ್ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ. ಹಾಗಲಕಾಯಿ ರಸ, ಕಿರಾತಕಡ್ಡಿ ಕಷಾಯ ಕುಡಿದರೆ ಮೂಗು ಸರಿಹೋಗುವುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಓದಿದ್ದು ನಿಜ. ಕಷಾಯದ ಲೆಕ್ಕಾಚಾರ ಮಾತ್ರ ಸರಿಯಿಲ್ಲ.

ಶರೀರಕ್ರಿಯಾಶಾಸ್ತ್ರ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಗಳಿಗೆ ಪಿಟಿಸಿ ಎಂಬ ರಾಸಾಯನಿಕ ಸವರಿದ ಕಾಗದದ ಚೂರು ಕೊಡುತ್ತಿದ್ದೆ. ಕೆಲವರು ಮುಖ ಕಿವುಚಿ ನಲ್ಲಿಯ ಕಡೆ ಓಡುತ್ತಿದ್ದರು. ಪಕ್ಕದಲ್ಲೇ ಕುಳಿತವರು ಬರೀ ಕಾಗದ ಎನ್ನುತ್ತಿದ್ದರು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಟಿ2ಆರ್38 ಎಂಬ ಕಹಿಗ್ರಾಹಕದ ಜೀನ್. ಅದು ನಾಲಿಗೆಯ ಸಂಗತಿ ಎಂದೇ ಪಾಠ ಮುಗಿಸುತ್ತಿದ್ದೆವು. ಆಗ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರಾದ ನೋಮ್ ಕೊಹೆನ್, ರಾಬರ್ಟ್ ಲೀ ಮತ್ತು ಸಂಗಡಿಗರು ಅದೇ ಗ್ರಾಹಕವನ್ನು ಮೂಗು, ಸೈನಸ್‌ಗಳ ಒಳಪದರದ ರೋಮಕೋಶಗಳಲ್ಲಿ (ಬೀಸಾಡುವ ಸೂಕ್ಷ್ಮ ರೋಮಗಳಿರುವ ಕೋಶಗಳಲ್ಲಿ) ತೋರಿಸಿದರು. ಅಲ್ಲಿ ಅದು ಸವಿಯುವುದು ಊಟವನ್ನಲ್ಲ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಗುಂಪುಗೂಡುವ ಮುನ್ನ ಒಂದಕ್ಕೊಂದು ರಾಸಾಯನಿಕ ಸಂಕೇತ ಕಳಿಸುತ್ತವೆ. ಗ್ರಾಹಕ ಆ ಸಂಕೇತವನ್ನು ಕದ್ದು ಕೇಳುತ್ತದೆ. ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರಿ, ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಈ ಅನಿಲ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುತ್ತದೆ. ರೋಮಗಳ ಬೀಸನ್ನೂ ಚುರುಕುಗೊಳಿಸಿ ಲೋಳೆಯನ್ನು ಗಂಟಲಿನತ್ತ ತಳ್ಳಿಸುತ್ತದೆ. ಮಿದುಳಿಗೆ ಸುದ್ದಿ ಹೋಗುವವರೆಗೆ ಕಾಯುವುದಿಲ್ಲ, ಹಾಗಾಗಿ ನಮಗೆ ಕಹಿಯೂ ತಿಳಿಯುವುದಿಲ್ಲ. ಪಿಟಿಸಿ ಕಹಿ ಅರಿಯದವರ ಕೋಶಗಳಲ್ಲಿ ಈ ಪ್ರತಿಕ್ರಿಯೆ ಮಂಕು. ಅಂಥವರಿಗೆ ಸೈನಸ್ ಕಾಟ ಹೆಚ್ಚೆಂದು ಅದೇ ತಂಡ ಮುಂದೆ ಹೇಳಿತು. ಬೇರೆಡೆಯ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ಆದ್ದರಿಂದ ಕಾಗದದ ಚೂರು ನೆಕ್ಕಿ ಭವಿಷ್ಯ ಹೇಳಿಕೊಳ್ಳಬೇಡಿ.

ನಿಮಗೆ ಹೆಚ್ಚು ಸಂಬಂಧಿಸಿದ್ದು ಸಿಹಿಯ ಭಾಗ. ಮೂಗಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಸಂವೇದಿ ಕೋಶಗಳಿವೆ. ಅವು ಕಹಿಯನ್ನು ಗುರುತಿಸಿದರೆ ನೆರೆಯ ಕೋಶಗಳು ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು (ಪುಟ್ಟ ಪ್ರೋಟೀನ್ ತುಣುಕುಗಳನ್ನು) ಹೊರಚೆಲ್ಲುತ್ತವೆ. ಅದೇ ಕೋಶದಲ್ಲಿರುವ ಸಿಹಿಗ್ರಾಹಕ ಇದಕ್ಕೆ ತಡೆಯೊಡ್ಡುತ್ತದೆ. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಹೆಚ್ಚಿದಾಗ ಅವೇ ಗ್ಲೂಕೋಸ್ ತಿಂದು ಖಾಲಿ ಮಾಡಿ ಆ ತಡೆಯನ್ನು ಕಳಚುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಮೂಗಿನ ದ್ರವದಲ್ಲೂ ಗ್ಲೂಕೋಸ್ ಏರುತ್ತದೆ. ತಡೆ ಬಿಗಿಯಾಗಿಯೇ ಉಳಿಯಬಹುದು ಎಂಬುದು ಸಂಶೋಧಕರ ತರ್ಕ.

ಇನ್ನು ಕಷಾಯ. ಕುಡಿದದ್ದು ಹೊಟ್ಟೆಗೆ ಹೋಗುತ್ತದೆಯೇ ಹೊರತು ಸೈನಸ್‌ನ ಗೋಡೆಗಲ್ಲ. ಅಲ್ಲದೆ ಎಲ್ಲ ಕಹಿಗಳೂ ಒಂದೇ ಗ್ರಾಹಕವನ್ನು ಎಚ್ಚರಿಸುವುದಿಲ್ಲ. ಮನುಷ್ಯರಲ್ಲಿ ಸುಮಾರು 25 ಬಗೆಗಳಿವೆ. ಬೇವಿನ ರಸವನ್ನು ಮೂಗಿಗೆ ಹನಿಸುವ ಸಾಹಸವಂತೂ ಬೇಡವೇ ಬೇಡ. ಹಾಗಲಕಾಯಿ ಪಲ್ಯ ಇಷ್ಟವಾದರೆ ಧಾರಾಳವಾಗಿ ತಿನ್ನಿ. ದಿನವೂ ರಸ ಕುಡಿಯುವುದಾದರೆ ಮಾತ್ರ ನಿಮ್ಮ ವೈದ್ಯರಿಗೆ ಹೇಳಿ: ಸಕ್ಕರೆಯ ಮಾತ್ರೆಯೊಂದಿಗೆ ಸೇರಿ ಅದು ರಕ್ತದ ಗ್ಲೂಕೋಸನ್ನು ಮಿತಿಮೀರಿ ಇಳಿಸಬಹುದು. ಮೂಗು ಕಟ್ಟುವುದು, ಗಟ್ಟಿ ಸಿಂಬಳ, ಮುಖದ ನೋವು 12 ವಾರ ದಾಟಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಂದ ದುರ್ಬೀನು ಪರೀಕ್ಷೆ (ಎಂಡೋಸ್ಕೋಪಿ) ಮಾಡಿಸಿಕೊಳ್ಳಿ. ಹೋಗುವಾಗ ಇತ್ತೀಚಿನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ವರದಿಯನ್ನೂ ಒಯ್ಯಿರಿ.