ಮಿದುಳಿನ ಬಗ್ಗೆ ಓದಬೇಕು, ಯಾವ ಡಿಗ್ರಿಗೆ ಸೇರಲಿ?

ಪ್ರಶ್ನೆ: ಮೇಡಂ, ನಾನು ಎರಡನೇ ಪಿಯುಸಿ, ಪಿಸಿಎಂಬಿ. ನಮ್ಮಜ್ಜಿಗೆ ಪಾರ್ಕಿನ್ಸನ್ ಕಾಯಿಲೆ. ಮಾತ್ರೆ ತಗೊಂಡ ಸ್ವಲ್ಪ ಹೊತ್ತಿಗೆ ಕೈ ನಡುಕ ಕಡಿಮೆಯಾಗುತ್ತದೆ, ಮುಂದಿನ ಮಾತ್ರೆಯ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಇದನ್ನು ನೋಡಿ ನೋಡಿ ನನಗೆ ನ್ಯೂರೋಸೈನ್ಸ್ (ಮಿದುಳು, ನರಗಳ ವಿಜ್ಞಾನ) ಓದುವ ಆಸೆಯಾಗಿದೆ. ನಮ್ಮ ಸುತ್ತಮುತ್ತ ಯಾವ ಕಾಲೇಜಿನಲ್ಲೂ ಆ ಹೆಸರಿನ ಡಿಗ್ರಿ ಇಲ್ಲ. ಡಾಕ್ಟರ್ ಆಗದೆ ಇದನ್ನು ಓದಬಹುದಾ? ಅಪ್ಪ "ಓದಿ ಏನು ಕೆಲಸ ಮಾಡ್ತೀಯ?" ಅಂತ ಕೇಳುತ್ತಾರೆ.
— ವಿದ್ಯಾರ್ಥಿನಿ, ಕೊಪ್ಪ

ಉತ್ತರ: ಖಂಡಿತ ಓದಬಹುದು. ಡಾಕ್ಟರ್ ಆಗಲೇಬೇಕಿಲ್ಲ, ಆ ಹೆಸರಿನ ಡಿಗ್ರಿಯೂ ಬೇಕಿಲ್ಲ. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಕೆಮಿಸ್ಟ್ರಿ ಮತ್ತು ಜುವಾಲಜಿ. ಆಮೇಲೆ ನಾನು ಸೇರಿದ ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನವರು ಫಿಸಿಕ್ಸ್ ಓದಿದವರು, ಎದುರಿನವರು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಈ ವಿಷಯವೇ ಹಾಗೆ, ಎಲ್ಲ ಕಡೆಯವರೂ ಬೇಕು.

ಅಜ್ಜಿಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡು. ಬಹುಶಃ ಲೆವೊಡೋಪಾ, ಕಾರ್ಬಿಡೋಪಾ ಅಂತ ಎರಡು ಹೆಸರು ಇರುತ್ತವೆ. ಮೈಯ ಚಲನೆ ಸರಿಯಾಗಿರಲು ಮಿದುಳಿಗೆ ಡೋಪಮಿನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಅದನ್ನು ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಡೋಪಮಿನ್ನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿನ ಒಳಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ದಾರಿಯಲ್ಲೇ ಅದು ಡೋಪಮಿನ್ ಆಗಿ ವ್ಯರ್ಥವಾಗದಂತೆ ತಡೆಯುವುದು ಕಾರ್ಬಿಡೋಪಾ. ಲೆವೊಡೋಪಾ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಕಾಯಿಲೆ ಹಳೆಯದಾದಂತೆ ಮಿದುಳಿಗೂ ಡೋಪಮಿನ್ ಕೂಡಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಮುಂದಿನ ಮಾತ್ರೆಗೆ ಮೊದಲೇ ನಡುಕ ಬರುವುದು ಅದಕ್ಕೇ.

ಇದನ್ನು ಕಂಡುಕೊಂಡ ಬಗೆ ನನಗೆ ತುಂಬಾ ಇಷ್ಟ. ನಮ್ಮ ಸರ್ಪಗಂಧಿ ಗಿಡದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟರೆ ಮಿದುಳಿನ ಡೋಪಮಿನ್ ಖಾಲಿಯಾಗಿ ಮೊಲಗಳು ಕಿವಿ ಇಳಿಬಿಟ್ಟು, ಅಲ್ಲಾಡದೆ ಕೂತುಬಿಡುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಜೊತೆಗಾರರು ಅಂಥ ಮೊಲಗಳಿಗೆ ಎಲ್-ಡೋಪಾ, ಅಂದರೆ ಇದೇ ಲೆವೊಡೋಪಾ, ಚುಚ್ಚಿದರು. ಸ್ವಲ್ಪ ಹೊತ್ತಿಗೆ ಮೊಲಗಳು ಎದ್ದು ಓಡಾಡಿದವು! 2000ದಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಕಾರ್ಲ್‌ಸನ್ ಒಬ್ಬರು. ನಿಮ್ಮೂರಿನ ಬೇಲಿಗಳಲ್ಲಿ ನಸುಗುನ್ನಿ ನೋಡಿರುತ್ತೀಯ, ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುತ್ತದೆ. ಅದರ ಬೀಜದಲ್ಲೂ ಲೆವೊಡೋಪಾ ಇದೆ. (ಅಜ್ಜಿಗೆ ಮನೆಯಲ್ಲೇ ಅರೆದು ಕೊಡಬೇಡಿ. ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ.) ಗಿಡ, ಕೆಮಿಸ್ಟ್ರಿ, ಪ್ರಾಣಿಯ ನಡವಳಿಕೆ, ಇಷ್ಟೂ ಸೇರಿ ಒಂದು ಮಾತ್ರೆ ಆಯಿತು. ಅದಕ್ಕೇ ಹೇಳುತ್ತಿದ್ದೇನೆ, ಡಿಗ್ರಿಯಲ್ಲಿ ಒಂದೆರಡು ಮೂಲ ವಿಷಯಗಳನ್ನು ಗಟ್ಟಿಯಾಗಿ ಕಲಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡ, ಲ್ಯಾಬ್ ನೋಡು. ಪ್ರಾಕ್ಟಿಕಲ್ ಅನ್ನು ವಿದ್ಯಾರ್ಥಿಗಳೇ ಮಾಡುತ್ತಾರಾ, ಅಥವಾ ಮೇಷ್ಟ್ರು ಮಾಡಿ ತೋರಿಸುತ್ತಾರಾ ಅಂತ ಅಲ್ಲಿ ಓದುತ್ತಿರುವವರನ್ನೇ ಕೇಳು. ನಾನಾದರೆ ದೊಡ್ಡ ಹೆಸರಿನ ಕಾಲೇಜಿಗಿಂತ ಕೈಯಿಂದ ಮಾಡಿಸುವ ಕಾಲೇಜಿಗೆ ಸೇರಿಸುತ್ತೇನೆ.

ಗಣಿತ ಮಾತ್ರ ಬಿಡಬೇಡ. ನರಕೋಶದಲ್ಲಿ ವಿದ್ಯುತ್ ಸಂಕೇತ ಹೇಗೆ ಹರಿಯುತ್ತದೆ ಅಂತ ಬ್ರಿಟನ್ನಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸಮೀಕರಣ ಬರೆದು ತೋರಿಸಿದರು. ಹಕ್ಸ್‌ಲಿ ಅದನ್ನು ಬಿಡಿಸಿದ್ದು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ನಾಲ್ಕು ವರ್ಷದ ಬಿಎಸ್‌ಗೆ ಪಿಯುಸಿಯಲ್ಲಿ ಗಣಿತ ಇರಲೇಬೇಕು. ನಿನಗೆ ಇದೆ, ಅದಕ್ಕೂ ಪ್ರಯತ್ನ ಮಾಡು. ಸಿಗದಿದ್ದರೆ ಬೇಜಾರು ಬೇಡ, ಬಿ.ಎಸ್ಸಿ. ಆದಮೇಲೆ ಎಂ.ಎಸ್ಸಿ.ಗೋ ಪಿಎಚ್‌ಡಿಗೋ ಒಳಗೆ ಹೋಗುವ ದಾರಿಗಳಿವೆ.

ಇನ್ನೊಂದು ಎಚ್ಚರಿಕೆ. ಬಿ.ಎಸ್ಸಿ. ನ್ಯೂರೋಸೈನ್ಸ್ ಟೆಕ್ನಾಲಜಿ ಎಂಬ ಕೋರ್ಸ್ ಕಾಣಬಹುದು. ಅದು ಆಸ್ಪತ್ರೆಗಳಲ್ಲಿ ಇಇಜಿ (ಮಿದುಳಿನ ವಿದ್ಯುತ್ ಸಂಕೇತ ದಾಖಲಿಸುವ ಪರೀಕ್ಷೆ), ನರಗಳ ಪರೀಕ್ಷೆ ಮಾಡುವ ತಂತ್ರಜ್ಞರ ತರಬೇತಿ. ಒಳ್ಳೆಯ ಕೆಲಸ, ಬೇಗ ಸಂಬಳವೂ ಬರುತ್ತದೆ. ಆದರೆ ನಡುಕ ಯಾಕೆ ಬರುತ್ತದೆ ಅಂತ ಹುಡುಕುವ ದಾರಿ ಬೇರೆ. ಎರಡರಲ್ಲಿ ನಿನಗೆ ಯಾವುದು ಬೇಕು ಅಂತ ಮೊದಲೇ ಯೋಚಿಸು.

ಅಪ್ಪನ ಪ್ರಶ್ನೆ ನ್ಯಾಯವಾದದ್ದು. ಬರೀ ಬಿ.ಎಸ್ಸಿ. ಮುಗಿಸಿದರೆ ಈ ಕ್ಷೇತ್ರದಲ್ಲಿ ಕೆಲಸ ಕಡಿಮೆ. ಎಂ.ಎಸ್ಸಿ., ಆಮೇಲೆ ಪಿಎಚ್‌ಡಿ ಅಂತ ಹೋಗಬೇಕು. ಪಿಎಚ್‌ಡಿಗೆ ಫೆಲೋಶಿಪ್ ಸಿಕ್ಕರೆ ಪ್ರತಿ ತಿಂಗಳು ಹಣ ಬರುತ್ತದೆ, ಮನೆಯಿಂದ ತರಿಸಬೇಕಿಲ್ಲ. ಇಂಥ ಸಂಶೋಧನೆ ನಡೆಯುವ ನಿಮ್ಹಾನ್ಸ್, ಐಐಎಸ್‌ಸಿ, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನಾಲ್ಕೂ ಬೆಂಗಳೂರಿನಲ್ಲೇ ಇವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ನೆನಪಿನ ಶಕ್ತಿಯ ಬಗ್ಗೆ ವರ್ಷಗಟ್ಟಲೆ ನಡೆಯುವ ಅಧ್ಯಯನವೂ ಇದೆ. ಅಲ್ಲಿ ಅಜ್ಜ ಅಜ್ಜಿಯರ ಹತ್ತಿರ ಕೂತು ಅವರ ಭಾಷೆಯಲ್ಲಿ ಮಾತಾಡಿಸುವವರು ಬೇಕೇ ಬೇಕು, ಅಲ್ವಾ? ಅಪ್ಪನಿಗೆ ಇದನ್ನೂ ಹೇಳು.

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನ್ಯೂರೋಸೈನ್ಸ್ ಪುಸ್ತಕ ತೆರೆದರೆ ಒಂದು ಪುಟಕ್ಕೆ ಒಂದು ಗಂಟೆ ಬೇಕು. ಇದು ನನ್ನಂಥವನಿಗೆ ಆಗುತ್ತಾ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ಆಗುತ್ತೆ. ಮೊದಲು ಚಿತ್ರಗಳನ್ನು ನೋಡಿ, ಪುಸ್ತಕ ಮುಚ್ಚಿ ನೀವೇ ಬರೆಯಿರಿ. ನರಕೋಶ, ಅದರ ಕೊಂಬೆಗಳು, ಎರಡು ಕೋಶಗಳ ನಡುವಿನ ಸಂದು. ಬಾಣ ಹಾಕಿ ಪಕ್ಕದಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಆಮೇಲೆ ಇಂಗ್ಲಿಷ್ ಪ್ಯಾರಾ ಓದಿದರೆ ಅರ್ಧ ಆಗಲೇ ಗೊತ್ತಿರುತ್ತದೆ. ಐಐಟಿಯಂಥ ಸಂಸ್ಥೆಗಳ ಅಧ್ಯಾಪಕರು ಆನ್‌ಲೈನ್‌ನಲ್ಲಿ ಕಲಿಸುವ ಎನ್‌ಪಿಟಿಇಎಲ್ ವಿಡಿಯೊ ಪಾಠಗಳು ಪುಕ್ಕಟೆ ಸಿಗುತ್ತವೆ, ನಿಲ್ಲಿಸಿ ನಿಲ್ಲಿಸಿ ನೋಡಿ.

ಇದೇ ವರ್ಷ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದರೆ ಬೇಸಿಗೆ ರಜೆಯಲ್ಲಿ ನಿಜವಾದ ಲ್ಯಾಬಿನಲ್ಲಿ ಕೆಲಸ, ಖರ್ಚಿಗೆ ದುಡ್ಡೂ ಕೊಡುತ್ತಾರೆ. ಅರ್ಜಿಯನ್ನು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಕರೆಯುತ್ತಾರೆ. ಅದಕ್ಕೆ ಅಧ್ಯಾಪಕರ ಶಿಫಾರಸು ಪತ್ರ ಬೇಕು, ಈಗಲೇ ಹೋಗಿ ಒಬ್ಬರನ್ನು ಕೇಳಿಡಿ.