ನಾಯಿ ತೇಕುತ್ತಿದೆ: ಸೆಕೆಗೋ, ಕಾಯಿಲೆಗೋ?

ಪ್ರಶ್ನೆ: ನಮ್ಮದು ಏಳು ವರ್ಷದ ಲ್ಯಾಬ್ರಡಾರ್, ತೂಕ 41 ಕೆ.ಜಿ. ಬೇಸಿಗೆ ಶುರುವಾದಾಗಿನಿಂದ ನಾಲಿಗೆ ಚಾಚಿ ಜೋರಾಗಿ ತೇಕುತ್ತದೆ. ಈಚೆಗೆ ರಾತ್ರಿ ಕೂಲರ್ ಮುಂದೆ ಮಲಗಿದ್ದಾಗಲೂ ತೇಕು ನಿಲ್ಲುವುದಿಲ್ಲ. ಮನೆಯಲ್ಲಿ ಎಲ್ಲರೂ ‘ಸೆಕೆಗೆ ಹಾಗೆ’ ಅನ್ನುತ್ತಾರೆ. ಹೌದೇ?
– ಓದುಗರು, ಕಲಬುರಗಿ

ಉತ್ತರ: ಹಗಲಿನ ತೇಕಿಗೆ ಆ ಮಾತು ಸರಿ, ರಾತ್ರಿಯದಕ್ಕೆ ಸಾಲದು. ನಾಯಿ ಬೆವರುವುದು ಅಂಗಾಲಲ್ಲಿ ಮಾತ್ರ, ಅದೂ ಅಷ್ಟಿಷ್ಟು. ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗಿಯೇ ಅದರ ಮೈ ತಣಿಯಬೇಕು. ಹಾಗಾಗಿ ಬಿಸಿಲಲ್ಲಿ ಓಡಿ ಬಂದ ನಾಯಿ ನಿಮಿಷಕ್ಕೆ 200ಕ್ಕಿಂತ ಹೆಚ್ಚು ಸಲ ಉಸಿರಾಡಿದರೂ ಅದು ಸಹಜವೇ. ನೆರಳಲ್ಲಿ ನೀರು ಕುಡಿದು ಮಲಗಿದ ಮೇಲೆ ಹತ್ತು–ಹದಿನೈದು ನಿಮಿಷದಲ್ಲಿ ತೇಕು ಇಳಿಯುತ್ತಾ ಬರಬೇಕು. ತಂಪಾದ ಕೋಣೆಯಲ್ಲಿ ಸುಮ್ಮನೆ ಮಲಗಿಯೂ ತೇಕುತ್ತಿದ್ದರೆ ಕಾರಣ ಬೇರೆಯೇ ಇರುತ್ತದೆ.

ಮೊದಲು ಉಸಿರು ಎಣಿಸಿ. ತೇಕುವಾಗಲ್ಲ, ಗಾಢ ನಿದ್ದೆಯಲ್ಲಿದ್ದಾಗ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕನಸು ಕಂಡು ಕಾಲು ಅದುರಿಸುತ್ತಿದ್ದರೆ ಆ ಲೆಕ್ಕ ಬಿಡಿ. ಮೂರು ರಾತ್ರಿ ಬರೆದಿಡಿ. ಮತ್ತೆ ಮತ್ತೆ 30 ದಾಟಿದರೆ ಹೃದಯ, ಶ್ವಾಸಕೋಶದ ಪರೀಕ್ಷೆ ಆಗಲೇಬೇಕು. ರಾತ್ರಿ ತೇಕುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಹೆದರಿಕೆಗೆ ಹೆಚ್ಚಿನ ನಾಯಿಗಳು ತೇಕುತ್ತವೆ, ಅಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಆಮೇಲೆ ಮೇಲ್ದುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣವಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಹುಟ್ಟಾ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಭಾಗ ನೋಡಿ. ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ನಮ್ಮ ಕಡೆ ಆಗ ಮೊದಲು ಅನುಮಾನಿಸಬೇಕಾದದ್ದು ಉಣ್ಣೆಯಿಂದ ಬರುವ ಜ್ವರವನ್ನು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ. ಉಣ್ಣೆ ಸಿಗದಿದ್ದರೂ ರಕ್ತ ಪರೀಕ್ಷೆ ಮಾಡಿಸಿ. ನಾಲಿಗೆ, ವಸಡು ನೀಲಿಗಟ್ಟಿದರೆ ಎಣಿಸುತ್ತಾ ಕೂರದೆ ಹೊರಡಿ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಸುತ್ತಿದ್ದರೂ ಅಷ್ಟೆ: ಜಠರ ತಿರುಚಿಕೊಂಡಿರಬಹುದು.

ನಿಮ್ಮ ನಾಯಿಯ ವಿಷಯದಲ್ಲಿ ಇನ್ನೂ ಮೂರನ್ನು ವೈದ್ಯರಿಗೆ ಹೇಳಿ. ತೂಕ ಹೆಚ್ಚಾಗಿದೆ, ಗಂಡಾಗಿದ್ದರೂ ಲ್ಯಾಬ್ರಡಾರಿಗೆ 36 ಕೆ.ಜಿ. ಧಾರಾಳವಾಯಿತು. ಬೊಗಳುವ ದನಿ ಒಡೆದಿದೆಯೇ, ಉಸಿರಿನಲ್ಲಿ ಗೊರಗೊರ ಸದ್ದಿದೆಯೇ? ಈ ತಳಿಗೆ ವಯಸ್ಸಾದಂತೆ ಗಂಟಲಿನ ಪಾರ್ಶ್ವವಾಯು ಬರುವುದುಂಟು. ರಾತ್ರಿ ಜಾಗ ಬದಲಿಸುತ್ತಾ, ಏಳಲು ತಿಣುಕುತ್ತಿದ್ದರೆ ಅದು ಸೊಂಟದ ನೋವಿನ ತೇಕಿರಬಹುದು.

ನಿಮ್ಮೂರಿನ ಬಿಸಿಲಿಗೆ ಇದೂ ತಿಳಿದಿರಲಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದೊಳಗೆ 2–3 ಸೆಂ.ಮೀ. ಇಟ್ಟು ನೋಡಿದರೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಬಿಸಿಲಲ್ಲೋ ನಿಲ್ಲಿಸಿದ ಕಾರಿನಲ್ಲೋ ಇದ್ದು 105 ಮುಟ್ಟಿದ್ದರೆ, ತೂರಾಡುತ್ತಿದ್ದರೆ, ಮೊದಲು ನೀರು, ಆಮೇಲೆ ಆಸ್ಪತ್ರೆ. ಮೈಯೆಲ್ಲ ತೋಯುವಂತೆ ಸುರಿಯುತ್ತಾ ಫ್ಯಾನ್ ಹಾಕಿ. ಸುರಿಯುವ ಮೊದಲು ನೀರಿಗೆ ಕೈ ಇಟ್ಟು ನೋಡಿ, ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಕಾದಿರುತ್ತದೆ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ತಪ್ಪುತ್ತಿರುವ ನಾಯಿಯ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. 103ಕ್ಕೆ ಇಳಿದೊಡನೆ ನೀರು ಸಾಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಮೂತ್ರಪಿಂಡದ ಹಾನಿ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳಬಹುದು. (ಮಂಗಳೂರು, ಉಡುಪಿಯ ಓದುಗರಿಗೆ: ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತೇಕಿದರೂ ಮೈ ತಣಿಯದು. 40 ಡಿಗ್ರಿ ಸೆಲ್ಸಿಯಸ್ ಇಲ್ಲದ ದಿನವೂ ಪಗ್, ಶಿಟ್ಸು, ಬುಲ್‌ಡಾಗ್ ನಾಯಿಗಳಿಗೆ ಅಪಾಯವಿದೆ.)

ಪ್ರಶ್ನೆ: ಪಾಮೇರಿಯನ್ ಮರಿ ಹಾಕಿ ಮೂರು ವಾರ, ಐದು ಮರಿಗಳಿವೆ. ಒಮ್ಮೊಮ್ಮೆ ತೇಕುತ್ತಾ ನಡುಗುತ್ತದೆ. ಜ್ವರದ ಮಾತ್ರೆ ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಬೇಡವೇ ಬೇಡ. ಮನುಷ್ಯರ ಜ್ವರದ ಮಾತ್ರೆ ನಾಯಿಗೆ ವಿಷವಾಗಬಹುದು. ಹಾಲಿನೊಂದಿಗೆ ಕ್ಯಾಲ್ಸಿಯಂ ಹೋಗಿ, ರಕ್ತದಲ್ಲಿ ಅದು ಕುಸಿದಾಗ ಕಾಣುವ ಲಕ್ಷಣವಿದು. ಮುಂದೆ ಕಾಲು ಸೆಟೆದು, ಫಿಟ್ಸ್ ಬಂದು, ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಸ್ನಾಯುಗಳು ಅದುರಿ ಮೈ ಬಿಸಿಯಾಗುವುದರಿಂದ ಜ್ವರವೆಂದು ಮೋಸಹೋಗುತ್ತಾರೆ. ಮರಿಗಳನ್ನು ಈಗಲೇ ಬೇರೆ ಮಾಡಿ, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕುಡಿಸಿ. ತಾಯಿಯನ್ನು ತಕ್ಷಣ ಕರೆದೊಯ್ಯಿರಿ. ವೈದ್ಯರು ಹೃದಯದ ಬಡಿತ ಗಮನಿಸುತ್ತಾ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಮುಂದಿನ ಸಲ ಗಬ್ಬವಿದ್ದಾಗ ನೀವಾಗಿಯೇ ಕ್ಯಾಲ್ಸಿಯಂ ಸಿರಪ್ ಕೊಡಬೇಡಿ. ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ಗ್ರಂಥಿ ಮಂದವಾಗಿ, ಹಾಲೂಡಿಸುವ ಹೊತ್ತಿಗೆ ಇದೇ ತೊಂದರೆಗೆ ದಾರಿಯಾಗುತ್ತದೆ.

ಪ್ರಶ್ನೆ: ಚರ್ಮದ ಕಡಿತಕ್ಕೆ ಪ್ರೆಡ್ನಿಸೊಲೋನ್ ಶುರುಮಾಡಿದ ಮೇಲೆ ನಾಯಿ ತೇಕುತ್ತದೆ, ನೀರೂ ಹೆಚ್ಚು ಕುಡಿಯುತ್ತದೆ. ನಿಲ್ಲಿಸಲೇ?
– ಓದುಗರು, ದಾವಣಗೆರೆ

ಉತ್ತರ: ಸ್ಟಿರಾಯ್ಡ್ ಮಾತ್ರೆಯ ಗೊತ್ತಿರುವ ಪರಿಣಾಮವೇ ಅದು, ಹಸಿವು, ಮೂತ್ರವೂ ಹೆಚ್ಚುತ್ತವೆ. ಒಮ್ಮೆಲೇ ನಿಲ್ಲಿಸಬೇಡಿ, ದೇಹದ ಸ್ವಂತ ಸ್ಟಿರಾಯ್ಡ್ ಉತ್ಪಾದನೆ ಕುಗ್ಗಿರುತ್ತದೆ. ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಬಗೆಯನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಅಲ್ಲಿಯವರೆಗೆ ನೀರಿನ ಬಟ್ಟಲು ಖಾಲಿಯಾಗದಂತೆ ನೋಡಿಕೊಳ್ಳಿ.