ಬಚ್ಚಲುಮನೆಯ ಪತಂಗಕ್ಕೆ ಅಮ್ಮನ ಹೆಸರು ಇಡಬಹುದಾ?

ಶಿರಸಿ ಕಡೆಯ ಓದುಗರೊಬ್ಬರ ಪತ್ರವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ: "ಮಳೆ ಶುರುವಾದ ಮೇಲೆ ಒಂದು ರಾತ್ರಿ ನಮ್ಮ ಬಚ್ಚಲುಮನೆ ಗೋಡೆಯ ಮೇಲೆ ಬೂದು ಬಣ್ಣದ ಪತಂಗ ಕೂತಿತ್ತು, ರೆಕ್ಕೆಯ ತುದಿಯಲ್ಲಿ ಹಳದಿ ಗೆರೆ. ಮೊಬೈಲ್‌ನಲ್ಲಿ ಹುಡುಕಿದರೆ ನಾಲ್ಕು ಹೆಸರು ಬಂತು, ಒಂದೂ ಹೊಂದಲಿಲ್ಲ. ಇದು ಹೊಸ ಜಾತಿಯೇ ಇರಬೇಕು. ಟ್ರಂಪ್ ಹೆಸರನ್ನೇ ಪತಂಗಕ್ಕೆ ಇಟ್ಟಿದ್ದಾರಂತೆ, ನನ್ನ ಅಮ್ಮನ ಹೆಸರು ಯಾಕಾಗಬಾರದು? ಇನ್ನೊಂದು ಮಾತು. ಹೊಸ ಜಾತಿ ಅಂತ ಸಾಬೀತು ಮಾಡಲು ಪತಂಗವನ್ನು ಸಾಯಿಸಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೆಸರಿಡೋಕೆ ಜೀವ ತೆಗೆಯೋದು ಯಾವ ವಿಜ್ಞಾನ?"

ನಮಸ್ಕಾರ ಮೇಡಂ,

ಟ್ರಂಪ್ ಪತಂಗದಿಂದಲೇ ಶುರು ಮಾಡುತ್ತೇನೆ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅದರ ಹೆಸರು ನಿಯೋಪಾಲ್ಪಾ ಡೊನಾಲ್ಡ್‌ಟ್ರಂಪಿ. ಕೆನಡಾದ ಸಂಶೋಧಕ ವಾಜ್ರಿಕ್ ನಜಾರಿ 2017ರ ಜನವರಿಯಲ್ಲಿ, ಟ್ರಂಪ್ ಮೊದಲ ಸಲ ಅಧ್ಯಕ್ಷರಾಗುವುದಕ್ಕೆ ಕೆಲವೇ ದಿನ ಮುಂಚೆ, ಅದನ್ನು 'ಝೂಕೀಸ್' ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಪುಟಾಣಿ ಪತಂಗ, ರೆಕ್ಕೆ ಬಿಚ್ಚಿದರೂ ಒಂದು ಸೆಂಟಿಮೀಟರ್ ಆಗುವುದಿಲ್ಲ. ತಲೆಯ ಮೇಲೆ ಹಳದಿ ಮಿಶ್ರಿತ ಬಿಳಿ ಹುರುಪೆಗಳಿವೆ, ಅದನ್ನು ನೋಡಿ ಆ ಹೆಸರು. ಪೇಪರು, ಟಿವಿಗಳಲ್ಲಿ ಬಂದದ್ದು ಇಷ್ಟೇ.

ಆದರೆ ನಜಾರಿ ಮಾಡಿದ ಕೆಲಸ ಯಾವುದು ಗೊತ್ತಾ? ಅವರ ಮುಂದೆ ಇದ್ದದ್ದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಬೊಹಾರ್ಟ್ ಕೀಟ ಸಂಗ್ರಹಾಲಯದ ಪತಂಗಗಳು. ಯಾರೋ ಯಾವಾಗಲೋ ಹಿಡಿದು, ಸೂಜಿ ಚುಚ್ಚಿ, ಚೀಟಿ ಹಚ್ಚಿ ಇಟ್ಟಿದ್ದವು. ನಿಯೋಪಾಲ್ಪಾ ಕುಲದಲ್ಲಿ ಅಲ್ಲಿಯವರೆಗೆ ಇದ್ದದ್ದು ಒಂದೇ ಜಾತಿ, 1998ರಲ್ಲಿ ಪೊವೊಲ್ನಿ ಅನ್ನುವ ವಿಜ್ಞಾನಿ ಹೆಸರಿಸಿದ ನಿಯೋನಾಟಾ. ಅದಕ್ಕೆ ಹೊಂದದ ಕೆಲವು ಪತಂಗಗಳು ಕಣ್ಣಿಗೆ ಬಿದ್ದವು. ರೆಕ್ಕೆ ಹೋಲಿಸಿದರು, ಜನನಾಂಗ ಬಿಡಿಸಿ ನೋಡಿದರು, ಡಿಎನ್‌ಎ ತಾಳೆ ಮಾಡಿದರು. ಆಮೇಲೆ ಹೆಸರು. ನನ್ನ ಕೇಳಿದರೆ ಹೆಸರು ಸ್ವಲ್ಪ ಗಿಮಿಕ್ಕೇ. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಅಂಥ ಜೀವಿಗಳ ನೆಲೆ ಹಾಳಾಗುತ್ತಿರುವುದರ ಕಡೆ ಜನರ ಗಮನ ಸೆಳೆಯಬೇಕು ಅಂತ ಬೇಕೆಂದೇ ಮಾಡಿದ್ದು, ಆ ಮಟ್ಟಿಗೆ ಗೆದ್ದರು.

ಅಂದರೆ ಹೊಸದು ಅನ್ನುವುದಕ್ಕಿಂತ ಮುಂಚೆ ಹಳೆಯದು ಎಲ್ಲಾ ಗೊತ್ತಿರಬೇಕು. ಕಷ್ಟ ಇರುವುದೇ ಇಲ್ಲಿ. ಭಾರತದಲ್ಲಿ ಚಿಟ್ಟೆಗಳು ಸುಮಾರು ಸಾವಿರದ ಮುನ್ನೂರು ಜಾತಿ, ಪತಂಗಗಳು ಹತ್ತು ಸಾವಿರಕ್ಕೂ ಜಾಸ್ತಿ. ಮೊಬೈಲ್ ಆ್ಯಪ್ ಹೆಸರು ಹೇಳುವುದು ಅದಕ್ಕೆ ಯಾರಾದರೂ ಸರಿಯಾದ ಹೆಸರಿನ ಜತೆ ಫೋಟೋ ಕೊಟ್ಟಿದ್ದರೆ ಮಾತ್ರ. ನೂರಾರು ಬೂದು ಪತಂಗಗಳಿಗೆ ಅಂಥ ಫೋಟೋನೇ ಇಲ್ಲ. ಹಾಗಾಗಿ ಆ್ಯಪ್‌ಗೆ ಗೊತ್ತಾಗಲಿಲ್ಲ ಅಂದರೆ ಆ್ಯಪ್‌ಗೆ ಗೊತ್ತಾಗಲಿಲ್ಲ, ಅಷ್ಟೇ.

ಜಾರ್ಜ್ ಹ್ಯಾಂಪ್ಸನ್ ಅಂತ ಒಬ್ಬ ಇಂಗ್ಲಿಷರವನಿದ್ದ. ನೀಲಗಿರಿಗೆ ಟೀ ಬೆಳೆಯಲು ಬಂದವನಿಗೆ ಪತಂಗದ ಹುಚ್ಚು ಹಿಡಿಯಿತು. 1892ರಿಂದ 1896ರವರೆಗೆ ಈ ದೇಶದ ಪತಂಗಗಳ ಮೇಲೆ ನಾಲ್ಕು ಸಂಪುಟ ಬರೆದ, ಇವತ್ತಿಗೂ ನಮ್ಮವರು ಅದನ್ನು ತೆರೆಯದೆ ಕೆಲಸ ಮಾಡಲಾಗುವುದಿಲ್ಲ. ಆ ಕಾಲದ ಎಷ್ಟೋ ವರ್ಣನೆಗಳು ಕೆಲವೇ ಸಾಲಿನವು: ಬೂದು, ಗೆರೆ, ಚುಕ್ಕೆ, ಮುಗೀತು. ಅನುಮಾನ ಬಂದರೆ ಅವನು ಹೆಸರಿಟ್ಟ ಆ ಮೂಲ ಪತಂಗವನ್ನೇ ನೋಡಬೇಕು. ಅವು ಇರುವುದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಶಿರಸಿಯ ಪತಂಗ ಹೊಸದೋ ಹಳೆಯದೋ ಅಂತ ತಿಳಿಯಲು ಲಂಡನ್ನಿಗೆ ಬರೆಯಬೇಕು ಅನ್ನುವುದು ನನಗಂತೂ ಸಿಟ್ಟು ಬರಿಸುವ ವಿಷಯ, ಆದರೆ ಸದ್ಯಕ್ಕೆ ಇರುವುದು ಹಾಗೆ.

ಇನ್ನು ಫೋಟೋ ಯಾಕೆ ಸಾಲದು ಅಂತ. ಎಷ್ಟೋ ಪತಂಗಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಥರ ಇರುತ್ತವೆ. ಕಡ್ಡಿ ಚೂರುಗಳಿಂದ ಚೀಲ ಮಾಡಿಕೊಂಡು ಗಿಡದಲ್ಲಿ ನೇತಾಡುವ ಹುಳ ನೋಡಿರುತ್ತೀರಿ, ಅದರಲ್ಲಿ ಗಂಡಿಗೆ ರೆಕ್ಕೆ ಬರುತ್ತದೆ, ಬಹಳಷ್ಟು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಅದಕ್ಕೆ ತಲೆಕೆಳಗಾಗಿ, ರೆಕ್ಕೆ ತದ್ರೂಪ ಒಂದೇ ಇದ್ದು ಜಾತಿ ಬೇರೆ ಇರುವವೂ ಉಂಟು. ಅಂಥವುಗಳಲ್ಲಿ ವ್ಯತ್ಯಾಸ ಸಿಗುವುದು ಹೊಟ್ಟೆಯ ತುದಿಯಲ್ಲಿ, ಜನನಾಂಗದಲ್ಲಿ.

ಅದನ್ನು ನೋಡುವ ಬಗೆ ಹೀಗೆ. ಒಣಗಿದ ಪತಂಗದ ಹೊಟ್ಟೆಯ ಭಾಗವನ್ನು ಮೆಲ್ಲಗೆ ಮೇಲಕ್ಕೆತ್ತಿದರೆ ಪಟ್ ಅಂತ ಕಳಚಿ ಬರುತ್ತದೆ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡುತ್ತಾರೆ. ಮಾಂಸ, ಕೊಬ್ಬು ಕರಗುತ್ತದೆ, ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಸಣ್ಣ ಬ್ರಶ್‌ನಿಂದ ಹುರುಪೆ ಒರೆಸುತ್ತಾ ಹೋದರೆ ಗಂಡಿನಲ್ಲಿ ಎರಡು ಹಿಡಿಕೆಗಳು, ಮಧ್ಯೆ ಒಂದು ಕೊಕ್ಕೆ, ಒಂದು ಕೊಳವೆ ಕಾಣುತ್ತವೆ. ಹಿಡಿಕೆಯ ಅಂಚಿನಲ್ಲಿ ಒಂದು ಮುಳ್ಳು ಇದೆಯೋ ಇಲ್ಲವೋ, ಕೊಕ್ಕೆ ಚೂಪೋ ಮೊಂಡೋ ಅನ್ನುವುದರ ಮೇಲೆ ಜಾತಿ ತೀರ್ಮಾನ ಆಗಿದ್ದಿದೆ. ನಿಮ್ಮ ಗೋಡೆಯ ಫೋಟೋದಲ್ಲಿ ಇದು ಕಾಣುವ ಹಾಗಿಲ್ಲ ಅಲ್ವಾ?

ಇದರ ಜತೆಗೆ ಈಗ ಡಿಎನ್‌ಎ ಬಾರ್‌ಕೋಡ್ ಬಂದಿದೆ. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಶುರು ಮಾಡಿದ್ದು. ಪತಂಗದ ಒಂದು ಕಾಲು ಸಾಕು, ಅದರಿಂದ ಒಂದೇ ಜೀನ್‌ನ ಸುಮಾರು 650 ಡಿಎನ್‌ಎ ಅಕ್ಷರ ಓದಿ, ಗೊತ್ತಿರುವ ಜಾತಿಗಳ ಜತೆ ತಾಳೆ ಮಾಡುತ್ತಾರೆ. ಒಳ್ಳೆಯ ಸಾಧನ, ಆದರೆ ಬರೀ ಅದನ್ನು ನಂಬಿ ಹೊಸ ಜಾತಿ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಈಗ ನಿಮ್ಮ ಕೋಪದ ಪ್ರಶ್ನೆ. ಹೌದು, ಸಾಯಿಸುತ್ತಾರೆ. ಹೆಸರು ಅಂಟಿಕೊಳ್ಳುವುದೇ ಒಂದು ಪತಂಗಕ್ಕೆ, ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ನೂರು ವರ್ಷ ಬಿಟ್ಟು ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು ಅದು ಇರಬೇಕು. ನಾವು ಹ್ಯಾಂಪ್ಸನ್ನನ ಪತಂಗವನ್ನು ಇವತ್ತು ನೋಡಲಾಗುವುದು ಹೀಗೆ ಉಳಿಸಿಟ್ಟಿದ್ದರಿಂದ. ರೆಕ್ಕೆ ಬಂದ ಮೇಲೆ ಹೆಚ್ಚಿನ ಪತಂಗಗಳು ಬದುಕುವುದು ಕೆಲವು ದಿನ, ಜಾಸ್ತಿ ಅಂದರೆ ಕೆಲವು ವಾರ. ನಿಮ್ಮ ಬಚ್ಚಲುಮನೆಯ ಹಲ್ಲಿ ಮಳೆಗಾಲದ ಒಂದು ರಾತ್ರಿಗೆ ತಿನ್ನುವಷ್ಟನ್ನು ಸಂಶೋಧಕರು ಒಂದು ಜಾತಿಗೆ ಹಿಡಿಯುವುದಿಲ್ಲ. ಇನ್ನೂ ನೇರವಾಗಿ ಹೇಳಬೇಕೆಂದರೆ, ಮದುವೆ ಮನೆಯಲ್ಲಿ ನಾವು ಉಡುವ ಒಂದು ರೇಷ್ಮೆ ಸೀರೆಗೆ ಸಾವಿರಾರು ಗೂಡು ಬೇಕು, ಅದೂ ಪತಂಗವೇ. ಹಾಗಂತ ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಸುಮ್ನೆ ಡಬ್ಬಿ ತುಂಬಿಸುವವರೂ ಇದ್ದಾರೆ, ಅದು ತಪ್ಪು. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವ ಹಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜಾತಿ ಸಿಕ್ಕರೆ ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಅಮ್ಮನ ಹೆಸರಿಗೆ ಬರೋಣ. ಇಡಬಹುದು, ನಿಯಮ ಅಡ್ಡ ಬರುವುದಿಲ್ಲ. ಟ್ರಂಪ್‌ನಂಥ ಗಂಡಸಿನ ಹೆಸರಿಗೆ ಕೊನೆಯಲ್ಲಿ 'ಐ' ಅಕ್ಷರ ಸೇರಿಸುತ್ತಾರೆ, ಹೆಂಗಸಿನ ಹೆಸರಿಗೆ 'ಎ', 'ಇ' ಎರಡೂ. ಆದರೆ ಹೆಸರಿಡುವ ಹಕ್ಕು ವರ್ಣನೆ ಬರೆದು ಪ್ರಕಟಿಸಿದವರದು, ಮೊದಲು ಕಂಡವರದ್ದಲ್ಲ. ನೀವು ಕೇಳಿಕೊಳ್ಳಬಹುದು, ಎಷ್ಟೋ ಜನ ಒಪ್ಪುತ್ತಾರೆ ಕೂಡ.

ಅಂಥ ಅದೃಷ್ಟ ಮನೆಯೊಳಗೆ ಸಿಗುವುದೇ ಇಲ್ಲವಾ ಅಂದರೆ, ಸಿಕ್ಕಿದೆ. ಬ್ರಿಟನ್ನಿನ ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಒಂದು ಮನೆಯ ಮಲಗುವ ಕೋಣೆಯಲ್ಲಿ ಪಾರದರ್ಶಕ ರೆಕ್ಕೆಯ ಪತಂಗ ಕಾಣಿಸಿತು. ಮಗಳು ಫೋಟೋ ಹಾಕಿದಳು, ಲಂಡನ್ನಿನ ಮ್ಯೂಸಿಯಂನವರು ನೋಡಿದರು. ತಾಯಿ ಕೆಲಸದ ಮೇಲೆ ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋಗಿ ಬಂದಿದ್ದರು, ಅವರ ಬೂಟಿನ ಕೆಸರಲ್ಲಿ ಅಂಟಿಕೊಂಡು ಬಂದ ಬೀಜದ ಚೂರಿನೊಳಗೆ ಮರಿಹುಳ ಇತ್ತು! 2024ರಲ್ಲಿ ಅದು ಕಾರ್ಮೆಂಟಾ ಬ್ರಾಕಿಕ್ಲಾಡೋಸ್ ಅನ್ನುವ ಹೊಸ ಜಾತಿಯಾಯಿತು. ಪತಂಗ ಕೈಗೆ ಸಿಕ್ಕಿತ್ತು, ಡಿಎನ್‌ಎ ಓದಲು ಆಯಿತು, ಹಾಗಾಗಿ ಮುಂದಕ್ಕೆ ಹೋಯಿತು. ನಮ್ಮ ಪಶ್ಚಿಮ ಘಟ್ಟದಲ್ಲೂ 2017ರಲ್ಲಿ ಕೇರಳದ ಶೆಂದುರ್ಣಿಯಿಂದ ಹಾಕ್ ಮಾತ್ ಅನ್ನುವ ಗುಂಪಿನ ಒಂದು ಪತಂಗ ಹೊಸದಾಗಿ ಹೆಸರು ಪಡೆದಿದೆ, ಅದು ಕಣ್ಣಿಗೆ ಕಾಣದಷ್ಟು ಚಿಕ್ಕದೇನಲ್ಲ.

ಹಾಗಾಗಿ ನಿಮ್ಮ ಫೋಟೋ ಬಿಸಾಡಬೇಡಿ. ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿ, 'ಮಾತ್ಸ್ ಆಫ್ ಇಂಡಿಯಾ' ಜಾಲತಾಣದವರಿಗೂ ಕಳಿಸಿ. ತಾರೀಖು, ಊರು, ಹತ್ತಿರ ಯಾವ ಗಿಡ ಇದೆ ಎಲ್ಲಾ ಬರೆಯಿರಿ. ಮುಂದಿನ ಮಳೆಗಾಲಕ್ಕೆ ಮತ್ತೆ ಬಂದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಒಂದು ತೆಗೆಯಿರಿ, ಸಾಧ್ಯವಾದರೆ ರೆಕ್ಕೆಯ ಕೆಳಭಾಗದ್ದೂ ಒಂದು. ಇನ್ನೊಂದು ವಿಷಯ, ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗಿ ಮಸುಕಾಗಿದೆ, ಆ ಹಳದಿ ಗೆರೆ ರೆಕ್ಕೆಯ ಅಂಚಿನವರೆಗೆ ಹೋಗಿದೆಯೋ ಅರ್ಧಕ್ಕೇ ನಿಂತಿದೆಯೋ ಗೊತ್ತಾಗುತ್ತಿಲ್ಲ. ಮೂಲ ಫೈಲನ್ನು ಈಮೇಲ್ ಮಾಡಿ.

ಸಂಪಾದಕ